ಹಂಡೆಯ ಮೇಲಿನ ಹೆಸರು ಓದಿದ್ದು

ನನ್ನ ಸಂಶೋಧನೆ ಏನೆಂದು ಮೊಟ್ಟಮೊದಲು ಮನಸ್ಸಿಟ್ಟು ಕೇಳಿದವನು ನಾಸಿಕದಿಂದ ಔರಂಗಾಬಾದಿಗೆ ಹೋಗುವ ಎಸ್.ಟಿ. ಬಸ್ಸಿನ ಕಂಡಕ್ಟರ್. ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ ಊರಿಗೆ ಅರವತ್ತರ ದಶಕದ ಕೊನೆಯಲ್ಲಿ ಔರಂಗಾಬಾದ್ ಎಂದೇ ಹೆಸರಿತ್ತು. ನನ್ನ ತೊಡೆಯ ಮೇಲೆ ಪಕ್ಕದ ಮನೆಯಿಂದ ಎರವಲು ತಂದ ಒಂದು ಹಳೆಯ ತಾಮ್ರದ ಕೊಡವಿತ್ತು. ಅದಕ್ಕೆ ಲಗೇಜ್ ಟಿಕೆಟ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಅವನು, ಇದೇನು, ಎಲ್ಲಿಗೆ, ಯಾಕೆ ಎಂದು ಮರಾಠಿಯಲ್ಲಿ ಕೇಳಿದ. ಬೇರೆ ಯಾರೇ ಆಗಿದ್ದರೂ "ನೀರಿನ ಕೊಡ" ಎಂದು ಹೇಳಿ ಮುಗಿಸುತ್ತಿದ್ದರು. ನಾನು ದಾರಿಯ ಯೇವಲೆ ಊರಿನಿಂದ ವೈಜಾಪುರದವರೆಗೆ ಹೇಳಿದೆ. ನಡುವೆ ಅವನು ಎರಡು ಸಲ ಎದ್ದುಹೋಗಿ ಬೇರೆಯವರ ಟಿಕೆಟ್ ಹರಿದು ಬಂದ. ಬಂದಾಗಲೆಲ್ಲ ನಾನು ಬಿಟ್ಟಲ್ಲಿಂದ ಮುಂದುವರಿಸಿದೆ. ವೈಜಾಪುರದಲ್ಲಿ ಚಹಾಕ್ಕೆ ಇಳಿಯುವ ಮುಂಚೆ ಅವನು ಎಲ್ಲ ಅರ್ಥವಾದವನಂತೆ ತಲೆದೂಗಿ, "ಮ್ಹಣಜೆ, ಬಾಯಿ, ಭಾಂಡಿ ವಿಕತಾ ತುಮ್ಹೀ" ಅಂದ. ಅಂದರೆ, ನೀವು ಪಾತ್ರೆ ಮಾರುತ್ತೀರಿ, ಅಮ್ಮಾ. ಲಗೇಜ್ ಟಿಕೆಟ್ ಹರಿದು ಕೈಗೆ ಕೊಟ್ಟ.

ನಾನು ಪಾತ್ರೆ ಮಾರುತ್ತಿರಲಿಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಮದುವೆಯಾಗಿ, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡನ ಹಿಂದೆ ನಾಸಿಕ ಜಿಲ್ಲೆಗೆ ಬಂದವಳು. ಕ್ವಾರ್ಟರ್ಸ್‌ನಲ್ಲಿ ನಮ್ಮ ಸುತ್ತ ಗದಗ, ವಿಜಾಪುರ, ಬೆಳಗಾವಿ ಕಡೆಯ ಮನೆಗಳು ಬೇಕಾದಷ್ಟಿದ್ದವು. ಅಲ್ಲಿನ ಗಂಡಸರಿಗೆಲ್ಲ ತಾವು ಮಾಡುವುದನ್ನು ಬೆರಳು ಮಾಡಿ ತೋರಿಸುವ ಭಾಗ್ಯವಿತ್ತು. ತಲೆಯ ಮೇಲೆ ವಿಮಾನ ಹಾರಿದರೆ ನನ್ನ ಗಂಡ ಊಟ ಬಿಟ್ಟು ಬಾಲ್ಕನಿಗೆ ಹೋಗಿ, "ಅದರ ರೆಕ್ಕಿ ಬುಡದಾಗಿನ ಬೋಲ್ಟ್ ನಮ್ಮ ಸೆಕ್ಷನ್‌ದು" ಎನ್ನುತ್ತಿದ್ದರು. ನಾನು ಯಾವುದಕ್ಕೆ ಬೆರಳು ಮಾಡಲಿ? ನನ್ನ ಹತ್ತಿರ ಇದ್ದದ್ದು ಒಂದು ಪದವಿ, ಮತ್ತು ಅದನ್ನು ಯಾರಾದರೂ ಕೇಳಲಿ ಎಂಬ ಆಸೆ.

ಆ ಆಸೆಗೇ ಔರಂಗಾಬಾದಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದೆ. ನನ್ನ ಮಾರ್ಗದರ್ಶಕರು ತಾಮ್ರಪಟಗಳ ಪಂಡಿತರು. ಹಿಂದಿನ ರಾಜರು ಯಾರಿಗಾದರೂ ಭೂಮಿ ದಾನ ಕೊಟ್ಟರೆ ಅದನ್ನು ತಾಮ್ರದ ಹಲಗೆಗಳ ಮೇಲೆ ಕೆತ್ತಿಸುತ್ತಿದ್ದರಲ್ಲ, ಅವುಗಳನ್ನು ಓದುವವರು. ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳ್ಳಗೆ. ಮೊದಲ ಭೇಟಿಯಲ್ಲೇ ಅವರು, ಚೆನ್ನಾಗಿರುವ ತಾಮ್ರಪಟಗಳನ್ನೆಲ್ಲ ಬೇರೆಯವರು ಓದಿಬಿಟ್ಟಿದ್ದಾರೆ, ನೀನೇ ಏನಾದರೂ ಹುಡುಕಿಕೊಂಡು ಬಾ ಎಂದು ಕಳಿಸಿದರು.

ಸಿಕ್ಕದ್ದು ನಮ್ಮ ಕೆಳಗಿನ ಮನೆಯ ಬಾಗಿಲಲ್ಲಿ. ಅಲ್ಲಿದ್ದವರು ಗದಗಿನವರು. ಆ ಮನೆಯಾಕೆ ನನಗಿಂತ ಎರಡು ವರ್ಷ ಚಿಕ್ಕವರು. ನಾನು ಓದಿದವಳೆಂದು ನನ್ನನ್ನು "ಬಾಯಾರ" ಎಂದು, ಶಾಲೆಯ ಮಾಸ್ತರಿಣಿಯನ್ನು ಕರೆಯುವ ಹಾಗೆ ಕರೆಯುತ್ತಿದ್ದರು. ಆ ದಿನ ಅವರು ಹಳೆ ಪಾತ್ರೆ ತೆಗೆದುಕೊಂಡು ಹೊಸ ಸ್ಟೀಲ್ ಪಾತ್ರೆ ಕೊಡುವ ಹೆಂಗಸಿನ ಜೊತೆ ಚೌಕಾಸಿ ನಡೆಸಿದ್ದರು. ಆಗ ಎಲ್ಲ ಮನೆಗಳಿಗೂ ಸ್ಟೀಲಿನ ಹುಚ್ಚು. ಹಿತ್ತಾಳೆ, ತಾಮ್ರ ಹೊರಗೆ. ಹೊಳೆಯುವ ಡಬ್ಬಿಗಳು ಒಳಗೆ. ಮೆಟ್ಟಿಲ ಮೇಲೆ ಬಿದ್ದಿದ್ದ ಒಂದು ತಂಬಿಗೆ ಎತ್ತಿ ನೋಡಿದೆ. ಕುತ್ತಿಗೆಯ ಸುತ್ತ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಅಕ್ಷರ: "ಚಿ. ಸೌ." ಎಂದು ಶುರುವಾಗಿ ಒಂದು ಹೆಣ್ಣಿನ ಹೆಸರು.

"ಇವರು ಯಾರ್ರಿ?" ಎಂದೆ.

"ಯಾರಿಗೆ ಗೊತ್ತೈತ್ರಿ ಬಾಯಾರ. ಹಳೇದು. ಮೂರ ತಂಬಗಿಗೆ ಒಂದ ಡಬ್ಬಿ ಅಂತಾಳ ನೋಡ್ರಿ ಈಕಿ!"

ಆ ತಂಬಿಗೆಯನ್ನು ಕೊಡಬೇಡಿರೆಂದು ಎರವಲು ಪಡೆದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಾಯಿಸುತ್ತಾರೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಆದರೆ ತವರಿನವರು ಕೊಟ್ಟ ಪಾತ್ರೆಯ ಮೇಲೆ ಆ ಹೆಸರು ಉಳಿಯುತ್ತದೆ! ಯಾವ ದಫ್ತರದಲ್ಲೂ ಸಿಗದ ಹೆಣ್ಣುಮಕ್ಕಳ ಹೆಸರುಗಳೆಲ್ಲ ಅಡುಗೆಮನೆಯಲ್ಲಿ ಇವೆ, ಮತ್ತು ದಿನಾ ಬೆಳಿಗ್ಗೆ ಕರಗಿಸುವ ಕುಲುಮೆಗೆ ಹೋಗುತ್ತಿವೆ. ಮರುವಾರವೇ ಬಸ್ ಹತ್ತಿ ಮಾರ್ಗದರ್ಶಕರ ಮುಂದೆ ಆ ತಂಬಿಗೆ ಇಟ್ಟೆ.

"ರಾಜರನ್ನು ಬಿಟ್ಟು ಅಡುಗೆಮನೆಗೆ ಬಂದೆಯಾ?" ಎಂದು ಮರಾಠಿಯಲ್ಲಿ ಕೇಳಿದರು.

"ತಾಮ್ರವೇ ಅಲ್ವಾ ಸರ್?"

ಅವರು ಕನ್ನಡಕ ತೆಗೆದು, ತಂಬಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ತಾಮ್ರವೇ" ಎಂದರು. ಅದೇ ಒಪ್ಪಿಗೆ.

ಅಲ್ಲಿಂದ ನಾನು ಮನೆ ಮನೆ ತಿರುಗತೊಡಗಿದೆ. ಶಾಸನಗಳ ಅಚ್ಚು ತೆಗೆಯುವ ವಿಧಾನವನ್ನು ಓದಿಕೊಂಡಿದ್ದೆ: ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಸವರಬೇಕು. ಕಲ್ಲಿಗೆ ಹೇಳಿದ ವಿಧಾನವನ್ನು ಕೆಳಗಿನ ಮನೆಯಾಕೆಯ ಪೂಜೆಯ ಚೊಂಬಿನ ಮೇಲೆ ಪ್ರಯೋಗಿಸಿದೆ. ಕಾಗದ ಹರಿಯಿತು, ಮಸಿ ಇಳಿಯಿತು. ಅವರು ಹುಣಸೆಹಣ್ಣು ಹಚ್ಚಿ ಅರ್ಧ ಗಂಟೆ ತಿಕ್ಕಿದರು. ಆಮೇಲೆ, "ಬಾಯಾರ, ನೋಡಿ ಬರ್ಕೊಂಡ್ರ ನಡಿಯೂದಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು. ನಡೆಯುತ್ತಿತ್ತು. ನನಗೆ ಹೊಳೆದಿರಲಿಲ್ಲ.

ಹಲವು ಪಾತ್ರೆಗಳ ಮೇಲೆ ಹೆಸರು ಅರ್ಧಕ್ಕೇ ನಿಂತಿತ್ತು. ಈ ಅರ್ಧ ಹೆಸರುಗಳು ನನಗೆ ದೊಡ್ಡ ನಿಧಿಯಂತೆ ಕಂಡವು. ಮನೆತನದ ಅಂಚಿನಲ್ಲಿ ಅರ್ಧಕ್ಕೇ ನಿಂತ ಹೆಣ್ಣಿನ ಅಸ್ತಿತ್ವದ ಬಗ್ಗೆ ಎರಡು ಪುಟ ಬರೆದೆ. ಬರೆದು ನಾನೇ ಓದಿಕೊಂಡು ಕಣ್ಣೀರು ತಂದುಕೊಂಡೆ. ಆಮೇಲೆ, ಇರಲಿ ಎಂದು, ನಾಸಿಕದ ಹಳೆಯ ಪೇಟೆಯ ತಾಮ್ರದ ಅಂಗಡಿಗಳ ಸಾಲಿನಲ್ಲಿ ಕೂತು ಹೆಸರು ಕೆತ್ತುವ ಒಬ್ಬ ಮುದುಕನನ್ನು ಹೋಗಿ ಕೇಳಿದೆ: ಹೀಗೇಕೆ ಅರ್ಧಕ್ಕೆ ಬಿಡುತ್ತಿದ್ದರು? ಅವನು ಉಳಿ ಕೆಳಗಿಟ್ಟು, ಇಂಥ ಪ್ರಶ್ನೆಗೂ ಬಸ್ ಹಿಡಿದು ಬರುತ್ತಾರೆಯೇ ಎಂಬಂತೆ ನನ್ನನ್ನು ನೋಡಿದ. "ಜಾಗಾ ಸಂಪಲೀ, ಬಾಯಿ" ಅಂದ. ಜಾಗ ಮುಗಿಯಿತು, ಅಷ್ಟೆ. ಆ ಎರಡು ಪುಟಗಳನ್ನು ಹರಿದುಹಾಕಲು ಆರು ತಿಂಗಳು ಬೇಕಾಯಿತು ನನಗೆ.

ಮೊದಲ ಅಧ್ಯಾಯ ಒಯ್ದಾಗ ಮಾರ್ಗದರ್ಶಕರು ನಾಲ್ಕು ಹಾಳೆ ಓದಿ ಮಡಿಸಿಟ್ಟರು. "ಇದನ್ನು ಮೊದಲು ನಮ್ಮ ವಿಭಾಗದವರಲ್ಲದ ಹತ್ತು ಜನರಿಗೆ ಹೇಳು. ಅವರಿಗೆ ತಿಳಿದರೆ ನನಗೆ ಕೊಡು" ಎಂದರು. ಹತ್ತು ಜನ ಯಾಕೆ, ಮೂವತ್ತು ಜನರಿಗೆ ಹೇಳುತ್ತೇನೆ ಎಂದುಕೊಂಡೆ.

ಸಂಕ್ರಾಂತಿಯ ನಂತರ ನಮ್ಮ ಮಹಿಳಾ ಮಂಡಳದ ಅರಿಷಿಣ-ಕುಂಕುಮ. ಹಾಡು, ಉಡಿ ತುಂಬುವುದು, ಎಳ್ಳು ಬೆಲ್ಲ; ನಡುವೆ "ಬಾಯಾರ ಭಾಷಣ". ಅದರ ಶೀರ್ಷಿಕೆ ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: "ಗೃಹೋಪಯೋಗಿ ಲೋಹಪಾತ್ರೆಗಳ ಅಭಿಲೇಖಗಳಲ್ಲಿ ಸ್ತ್ರೀನಾಮ: ಒಂದು ಪ್ರಾಥಮಿಕ ಸಮೀಕ್ಷೆ". ಸೆರಗಿನಲ್ಲಿ ನೆನೆಸಿದ ಕಡಲೆ ಕಟ್ಟಿಕೊಂಡು ಕೂತ ಹೆಂಗಸರ ಮುಂದೆ ನಾನು ಪೀಠಿಕೆ, ವ್ಯಾಪ್ತಿ, ಮಿತಿ ಎಂದು ಶುರುಮಾಡಿದೆ. ಮಿತಿಗಳನ್ನೇ ಹತ್ತು ನಿಮಿಷ ಹೇಳಿದೆ. ಒದ್ದೆ ಕಡಲೆಯ ನೀರು ಸೆರಗಿನಿಂದ ಸೀರೆಗೆ ಇಳಿಯುತ್ತಿತ್ತು. ಅರ್ಧ ದಾರಿಯಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮಾತು ಅಲ್ಲೇ ನಿಲ್ಲಿಸಿ, "ಕೇಳ್ರಿ, ಕೇಳ್ರಿ, ಸಂಕೋಚ ಬ್ಯಾಡ" ಎಂದೆ.

"ಒಲೀ ಮ್ಯಾಲೆ ಹಾಲ ಇಟ್ಟ ಬಂದೇನ್ರಿ. ಹೋಗಿ ಬರ್ಲ್ಯಾ?"

ಅವರು ಹೋದರು. ಬರಲಿಲ್ಲ. ಅವರ ಜೊತೆ ಇನ್ನೂ ಮೂವರಿಗೆ ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಯಿತು.

ಕೊನೆಗೆ ನಾನು ಧ್ವನಿ ಏರಿಸಿ, ದಯವಿಟ್ಟು ನಿಮ್ಮ ಹಳೆಯ ಪಾತ್ರೆಗಳನ್ನು ಸ್ಟೀಲಿಗೆ ಕೊಡಬೇಡಿ, ಅವು ಪಾತ್ರೆಗಳಲ್ಲ, ದಾಖಲೆಗಳು ಎಂದು ಮುಗಿಸಿದೆ. ಆಗ ಕೆಳಗಿನ ಮನೆಯಾಕೆ, ಪಾಪ, ನನಗೆ ಸಹಾಯ ಮಾಡಲೆಂದೇ ಎದ್ದು ನಿಂತು ಕೇಳಿದರು: "ಬಾಯಾರ, ನಿಮ್ಮ ಮನಿ ಪಾತ್ರಿ ಮ್ಯಾಲೆ ಯಾರ ಹೆಸರ ಐತ್ರಿ? ಅದನ್ನ ಹೇಳ್ರಿ, ಎಲ್ಲಾರಿಗೂ ತಿಳಿತೈತಿ."

ನಮ್ಮ ಮನೆಯಲ್ಲಿ ನಮ್ಮದೆನ್ನುವ ಹೆಸರಿನ ಪಾತ್ರೆ ಒಂದೂ ಇರಲಿಲ್ಲ. ಸಂಸಾರ ಹೂಡಿದ ಮೊದಲ ವರ್ಷವೇ ನಮ್ಮಜ್ಜಿ ಕೊಟ್ಟಿದ್ದ ಎರಡು ಕೊಡ, ಹಿಟ್ಟು ನಾದುವ ಒಂದು ಪರಾತ ಎಲ್ಲವನ್ನೂ ಕೊಟ್ಟು, ಒಂದರೊಳಗೊಂದು ಕೂಡುವ ಸ್ಟೀಲ್ ಡಬ್ಬಿಗಳ ಸೆಟ್ ತೆಗೆದುಕೊಂಡಿದ್ದೆ. ಅಜ್ಜಿಯ ಪಾತ್ರೆಗಳ ಮೇಲೆ ಏನು ಬರೆದಿತ್ತೋ ಓದಿಯೂ ಇರಲಿಲ್ಲ. ಸುಳ್ಳು ಹೇಳುವಷ್ಟು ಚುರುಕಿಲ್ಲದೆ, "ನಮ್ಮಲ್ಲಿ ಎಲ್ಲಾ ಸ್ಟೀಲ್" ಎಂದೆ. ಹೆಂಗಸರು ನಕ್ಕ ನಗು ಕೆಳಗೆ ಸೈಕಲ್ ಸ್ಟ್ಯಾಂಡಿನವರೆಗೆ ಕೇಳಿತಂತೆ. ಆಮೇಲೆ ಪದ್ಧತಿಯ ಪ್ರಕಾರ ಎಲ್ಲರಿಗೂ ಒಂದೊಂದು ಉಡುಗೊರೆ ಹಂಚಿದರು: ಸ್ಟೀಲಿನ ಬಟ್ಟಲು. ನಾನೂ ತೆಗೆದುಕೊಂಡೆ.

ಭಾಷಣದ ಪರಿಣಾಮ ಆಗಲಿಲ್ಲವೆಂದು ಹೇಳುವ ಹಾಗಿಲ್ಲ. ಆಗಷ್ಟೇ ಬಂಗಾರದ ಮೇಲೆ ಸರ್ಕಾರದ ಕಾಯ್ದೆ ಬಂದು ಜನ ಹೆದರಿದ್ದ ಕಾಲ. ಈಗ ತಾಮ್ರಕ್ಕೂ ಕಾಯ್ದೆ ಬರುತ್ತದಂತೆ, ಬಾಯಾರು ಅದಕ್ಕೇ ಪಾತ್ರೆಗಳನ್ನು ಬರೆದುಕೊಳ್ಳುತ್ತಿದ್ದಾರಂತೆ ಎಂದು ಸುದ್ದಿ ಹಬ್ಬಿತು. ನಾನು ಬಾಗಿಲು ಬಡಿದರೆ ಒಳಗೆ ಪಾತ್ರೆಗಳನ್ನು ಮಂಚದ ಕೆಳಗೆ ತಳ್ಳುವ ಸದ್ದು ಕೇಳುತ್ತಿತ್ತು. ಗಂಡನ ಮುಂದೆ ಕೂತು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಿದ್ದು ಹೀಗೆ: "ನೀ ಹೇಳೋದು ಖರೇನೇ ಅದ. ಆದ್ರ ಕೇಳೋ ಹಂಗ ಇಲ್ಲ."

ಆ ವರ್ಷ ಬೇಸಿಗೆಯಲ್ಲಿ ಕೆಳಗಿನ ಮನೆಯಾಕೆಗೆ ಎರಡನೆಯ ಹೆರಿಗೆ. ಹೆಣ್ಣು ಮಗು. ಬಾಣಂತನಕ್ಕೆಂದು ಅವರ ಅತ್ತೆ ಗದಗಿನಿಂದ ಬಂದರು. ಬರುವಾಗ ಗೋಣಿತಟ್ಟಿನಲ್ಲಿ ಸುತ್ತಿ ಒಂದು ದೊಡ್ಡ ತಾಮ್ರದ ಹಂಡೆಯನ್ನೂ ರೈಲಿನಲ್ಲಿ ತಂದಿದ್ದರು. ಬಾಣಂತಿಗೆ ಎರೆಯಲು ನಿಮ್ಮ ಬಕೆಟ್ಟಿನ ನೀರು ಯಾತಕ್ಕೂ ಸಾಲದು ಎಂಬುದು ಅವರ ಮಾತು. ಎಲ್ಲರೂ ಅವರನ್ನು ಅಜ್ಜಿ ಎನ್ನುತ್ತಿದ್ದೆವು. ಗಟ್ಟಿ ಹೆಂಗಸು, ಓದು ಬರದು.

ಒಂದು ಮಧ್ಯಾಹ್ನ ಬಾಣಂತಿಯನ್ನು ನೋಡಲು ನಾಲ್ಕೈದು ಹೆಂಗಸರು ಬಂದು ಕೂತಿದ್ದರು, ನಾನೂ ಇದ್ದೆ. ಕೈ ತೊಳೆಯಲು ಹೋದಾಗ ಹಂಡೆಯ ಅಂಚಿನಲ್ಲಿ ಅಕ್ಷರಗಳು ಕಂಡವು. ಕೂತು ಓದಿದೆ. ಚಿ. ಸೌ., ಒಂದು ಹೆಸರು, ಕೆಳಗೆ "ತಂದೆಯವರಿಂದ". ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯವರದು. ಅದು ಅಜ್ಜಿಗೆ ಗಂಡನ ಮನೆಯಲ್ಲಿದ್ದ ಹೆಸರಾಗಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು! ಸಂಕ್ರಾಂತಿಯ ಸೋಲನ್ನು ಇಲ್ಲೇ ತೀರಿಸಿಕೊಳ್ಳುತ್ತೇನೆಂದು ಹೊರಗೆ ಬಂದು, ಎಲ್ಲರ ಎದುರು, ಕೈ ಕೂಡ ಒರೆಸಿಕೊಳ್ಳದೆ ಸಾರಿದೆ:

"ಅಜ್ಜಿ, ನಿಮ್ಮ ತವರುಮನಿ ಹೆಸರು ನನಗೆ ಸಿಕ್ತು!" ಆ ಹೆಸರನ್ನು ಗಟ್ಟಿಯಾಗಿ ಹೇಳಿದೆ.

ಅಜ್ಜಿ ಮಗುವಿನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಅದು ನನ್ನ ಹೆಸರಲ್ಲ, ತಂಗೀ."

ಇಲ್ಲಿ ಯಾವ ಬುದ್ಧಿವಂತಳೂ ಸುಮ್ಮನಾಗುತ್ತಿದ್ದಳು. ನಾನು, "ಬಹಳ ವರ್ಷ ಆಗ್ಯದ, ನಿಮಗ ಮರ್ತಿರಬೇಕು" ಎಂದೆ.

"ನನ್ನ ಹೆಸರ ನಾನs ಮರಿಯಾಕ ನನಗೇನ ಆಗೇತಿ?" ಅಜ್ಜಿಗೆ ಸಿಟ್ಟು ಬರಲಿಲ್ಲ. ಮತ್ತೆ ಎಣ್ಣೆ ಹಚ್ಚತೊಡಗಿದರು. "ಅದು ಹಿರೇಕಿದು. ನನ್ನಕಿಂತ ಮೊದಲ ಆ ಮನಿಗೆ ಬಂದಾಕಿದು. ಚೊಚ್ಚಲ ಹಡದ್ಲು. ಕೂಸ ಉಳೀತು, ಆಕಿ ಉಳೀಲಿಲ್ಲ. ನಾ ಬಂದಾಗ ಕೂಸಿಗೆ ಎಂಟ ತಿಂಗಳ. ಈಗ ಗದಗಿನ್ಯಾಗ ಅದಾನಲ್ಲ, ನಮ್ಮ ದೊಡ್ಡಾವ, ಅವನs."

ಮಂಚದ ಮೇಲಿದ್ದ ಸೊಸೆ ಎದ್ದು ಕೂತರು. "ಅತ್ತೀ! ಭಾವಾರು ನಿಮ್ಮ ಹೊಟ್ಯಾಗ ಹುಟ್ಟಿದವರಲ್ಲೇನ್ರಿ? ನಮಗ ಯಾವತ್ತೂ ಹೇಳಿಲ್ಲ ನೀವು. ಹಂಡೇನೂ ನಿಮ್ಮದಂತನs ತಿಳದಿದ್ವಿ."

"ಹಂಡೇ ಯಾರದು ಅಂತ ಯಾರ ಕೇಳ್ತಾರ? ನೀರ ಕಾದಾವೇನು ಅಂತ ಕೇಳ್ತಾರ."

ಅಜ್ಜಿಯೇ ಮುಂದುವರಿಸಿದರು. "ನನಗ ಓದಾಕ ಬರೂದಿಲ್ಲ. ಆದ್ರ ಆ ಅಕ್ಷರ ಕೈಗೆ ಗೊತ್ತವ. ದಿನಾ ತಿಕ್ಕೂ ಮುಂದ ಹುಣಸೀಹಣ್ಣು ಆ ಸಂದ್ಯಾಗ ಹೊಕ್ಕೊಂತಿತ್ತು. ಹಂಗs ಬಿಟ್ರ ಹಸರ ಹಿಡಿತೈತಿ. ಒಂದ ಕಡ್ಡಿ ತಗೊಂಡು ಒಂದೊಂದs ಅಕ್ಷರ ಕೆದರಿ ತಗೀತಿದ್ದೆ. ಮದಲ ಮದಲ ಸಿಟ್ಟ ಬರ್ತಿತ್ತು, ಈಕಿ ಹೆಸರ ನಾ ಯಾಕ ತೊಳೀಲಿ ಅಂತ. ಆಮ್ಯಾಲ ಆಕೀ ಸಂಗಾಟನs ಮಾತಾಡ್ತಿದ್ದೆ. ನಿನ್ನ ಮಗ ಇವತ್ತ ಬಿದ್ದ ಬಂದಾನ ನೋಡವಾ, ಅಂತ."

ನನಗೆ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸವಿಲ್ಲ. "ಇದರಿಂದ ನಮಗೆ ತಿಳಿಯೋದೇನಂದ್ರ..." ಎಂದು ಶುರುಮಾಡಿದೆ. ಸಂಕ್ರಾಂತಿಯಂದು ಹಾಲಿಗಾಗಿ ಎದ್ದುಹೋಗಿದ್ದ ಹೆಂಗಸೇ ನನ್ನ ಮೊಣಕೈ ಹಿಡಿದು ಕೂಡಿಸಿದರು. "ಸುಮ್ಮನಿರ್ರಿ ಬಾಯಾರ. ಅಜ್ಜಿ ಹೇಳಾಕತ್ತಾಳ."

ನಾನು ಕೂತೆ. ಆ ದಿನ ಯಾರ ಒಲೆಯ ಮೇಲೂ ಹಾಲಿರಲಿಲ್ಲ. ಅಜ್ಜಿಯ ಮಾತು ಮುಗಿದ ಮೇಲೆ ಒಬ್ಬರು, ನಮ್ಮ ಮನೆಯಲ್ಲೂ ಒಂದು ಗಿಂಡಿ ಇದೆ, ಯಾರದೋ ಎಂದರು. ಇನ್ನೊಬ್ಬರು, ನಮ್ಮತ್ತೆಗೆ ಕಾಗದ ಬರೆದು ಕೇಳುತ್ತೇನೆ ಎಂದರು. ನಾಲ್ಕು ದಿನಗಳಲ್ಲಿ ಮಂಚದ ಕೆಳಗಿನ ಪಾತ್ರೆಗಳೆಲ್ಲ ತಾವಾಗಿಯೇ ನನ್ನ ಮನೆಗೆ ಬಂದವು, ಕಥೆಗಳ ಸಮೇತ.

ಅದರಿಂದ ನನಗಾದ ಕಷ್ಟ ಬೇರೆ. ನನ್ನ ನೋಟ್‌ಬುಕ್ಕಿನಲ್ಲಿ ಎಷ್ಟೋ ಹೆಸರುಗಳ ಮುಂದೆ "ತವರಿನ ಹೆಸರು" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಯಾರನ್ನೂ ಕೇಳಿರಲಿಲ್ಲ, ಅಕ್ಷರ ಓದಿದರೆ ಸಾಕೆಂದುಕೊಂಡಿದ್ದೆ. ಈಗ ಮತ್ತೆ ಮನೆ ಮನೆಗೆ ಹೋಗಿ ಕೇಳಿದೆ. ಕೆಲವು ತವರಿನ ಹೆಸರುಗಳೇ. ಕೆಲವು ಅತ್ತಿಗೆಯದು, ಕೆಲವು ಸಂತೆಯಲ್ಲಿ ಕೊಂಡವು. ಒಬ್ಬರಂತೂ ನನ್ನನ್ನು ಕಂಡೊಡನೆ ಪರಾತವನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟರು. ಅದರ ಮೇಲಿದ್ದದ್ದು ಪಕ್ಕದ ಮನೆಯವರ ಹೆಸರು.

ಔರಂಗಾಬಾದಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಮಾರ್ಗದರ್ಶಕರು ಹಂಡೆಯ ಕಥೆಯನ್ನು ಕಣ್ಣು ಮುಚ್ಚಿ ಕೇಳಿ, "ಒಂದೇ ಉದಾಹರಣೆ, ಬಾಯಿಮಾತಿನ ಆಧಾರ. ಅಡಿಟಿಪ್ಪಣಿಯಲ್ಲಿ ಹಾಕು" ಎಂದರು. ನಾನು ಎದ್ದು ಬಾಗಿಲವರೆಗೆ ಬಂದಾಗ ಹಿಂದಿನಿಂದ ಕರೆದರು. "ಆ ಹುಣಸೆಹಣ್ಣಿನ ಮಾತು ಇನ್ನೊಮ್ಮೆ ಹೇಳು." ಹೇಳಿದೆ.

ಮಗುವಿನ ತೊಟ್ಟಿಲಿಗೆ ಅಜ್ಜಿ ಒಂದು ಸ್ಟೀಲ್ ತಂಬಿಗೆ ಕೊಡಬೇಕೆಂದರು. ಹೌದು, ಸ್ಟೀಲೇ. "ಹಗರ ಇರ್ತೈತಿ, ಈ ಹುಡುಗಿ ಎಲ್ಲಿ ಹೋದ್ರೂ ಒಯ್ತಾಳ." ಅದರ ಮೇಲೆ ಎರಡು ಹೆಸರು ಹಾಕಿಸಬೇಕು: ಮೇಲೆ ಹಿರಿಯಳದು, ಕೆಳಗೆ ತಮ್ಮದು. ಅಂಗಡಿಯವನಿಗೆ ಕನ್ನಡ ಬಾರದು, ನೋಡಿ ತಿದ್ದುತ್ತಾನೆ, ನೀನು ಚಂದಾಗಿ ಬರೆದುಕೊಡು ಎಂದು ನನಗೆ ಹೇಳಿದರು. ಇಷ್ಟು ದಿನದಲ್ಲಿ ನನ್ನ ವಿದ್ಯೆಯಿಂದ ಆಗಬೇಕೆಂದು ಯಾರಾದರೂ ಕೇಳಿದ ಮೊದಲ ಕೆಲಸ. ಮೂರು ಸಲ ಬರೆದು, ಒಳ್ಳೆಯದನ್ನು ಆರಿಸಿ, ಮಡಿಚಿ ಕೊಟ್ಟೆ. ತಂಬಿಗೆ ಬಂತು. ಅಕ್ಷರಗಳು ನನ್ನ ಕೈಬರಹದಂತೆಯೇ ಇದ್ದವು. ಆದರೆ ಮೇಲಿನ ಹೆಸರಿನ ಪಕ್ಕದಲ್ಲಿ, ಅಷ್ಟೇ ನೀಟಾಗಿ, "೪೭" ಎಂದು ಕೆತ್ತಿತ್ತು. ನನ್ನ ಪಟ್ಟಿಯಲ್ಲಿ ಆ ಹಂಡೆಯ ನಂಬರು. ಹೆಸರು ಬರೆಯುವಾಗ ಚಟದಿಂದ ಅದನ್ನೂ ಬರೆದುಬಿಟ್ಟಿದ್ದೆ.

ಅಜ್ಜಿ ಬೆರಳಾಡಿಸಿ, "ಇದೇನ ತಂಗೀ, ಇದು ಹೆಸರಿನ್ಯಾಗ ಇರಲಿಲ್ಲಲ್ಲ?" ಎಂದರು. ಕೈಗೆ ಗೊತ್ತಿದ್ದ ಅಕ್ಷರವಲ್ಲವೆ. ನಾನು ನಿಜ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇರ್ಲಿ ಬಿಡು" ಎಂದರು.

ಪ್ರಬಂಧ ಮುಗಿಯಲು ಇನ್ನೂ ಮೂರು ವರ್ಷ ಹಿಡಿಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಸಾಮಾನ್ಯ ಜನರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿದರು. ಅಷ್ಟೆಲ್ಲ ಆದಮೇಲೂ ನಾನು ಪೀಠಿಕೆಯಿಂದ ಶುರುಮಾಡಿದೆ. ಮಾರ್ಗದರ್ಶಕರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಮನೆಗೆ ಬಂದು ಗಂಡನಿಗೆ ಹೇಳಿದೆ, ಇಪ್ಪತ್ತು ನಿಮಿಷ ಉತ್ತರ ಕೊಟ್ಟೆ, ಪಾಸಾಯಿತು ಎಂದು. "ಹಂಗಾರ ಅವರು ದಣದು ಪಾಸ್ ಮಾಡ್ಯಾರ" ಎಂದರು.

ಆಗ ಮೊಮ್ಮಗಳ ಮೊದಲ ಕೂದಲು ತೆಗೆಸುವ ಜಾವಳಕ್ಕೆಂದು ಅಜ್ಜಿ ಮತ್ತೆ ಬಂದಿದ್ದರು. ಬೈಂಡ್ ಮಾಡಿದ ಪ್ರತಿಯನ್ನು ಕೆಳಗೆ ಒಯ್ದೆ. ಸೊಸೆ ಅದನ್ನು ಎರಡೂ ಕೈಯಲ್ಲಿ ಎತ್ತಿ, "ನಮ್ಮತ್ತಿಯವರದು ಎಲ್ಲೈತ್ರಿ?" ಎಂದರು. ಪುಟ ತೆಗೆದು ತೋರಿಸಿದೆ.

"ಇಷ್ಟ ಸಣ್ಣ ಅಕ್ಷರ?"

"ಅಡಿಟಿಪ್ಪಣಿ" ಎಂದೆ. ಆ ಶಬ್ದ ಯಾರಿಗೂ ಸಮಾಧಾನ ಕೊಡಲಿಲ್ಲ.

ಅಜ್ಜಿ ಓದು ಎಂದರು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದೆ. ಅರ್ಧ ನಿಮಿಷಕ್ಕೆ ಮುಗಿಯಿತು. ಮೊದಲ ಹೆಂಡತಿ ಸುಮಾರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು ಎಂಬಲ್ಲಿಗೆ ಬಂದಾಗ ಅಜ್ಜಿ ಕೈ ಅಡ್ಡ ಹಿಡಿದರು.

"ಹತ್ತೊಂಬತ್ತು ಅಂತ ಯಾರ ಹೇಳಿದ್ರು ನಿನಗ?"

ಯಾರೂ ಹೇಳಿರಲಿಲ್ಲ. ಕೂತಲ್ಲೇ ಅಂದಾಜು ಮಾಡಿ ಬರೆದಿದ್ದೆ.

"ಹದಿನಾರು" ಎಂದರು ಅಜ್ಜಿ.

ಪೆನ್ನು ತೆಗೆದು ಅಲ್ಲೇ ಅಂಚಿನಲ್ಲಿ ತಿದ್ದಿದೆ. ಔರಂಗಾಬಾದಿನ ಗ್ರಂಥಾಲಯದಲ್ಲಿರುವ ಪ್ರತಿಯಲ್ಲಿ ಈಗಲೂ ಹತ್ತೊಂಬತ್ತು ಎಂದೇ ಇದೆ.